ಲಗ್ನಪತ್ರಿಕೆಯ ತ್ರಿಕೋನಗಳು

ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಷಿಣ ಒಣಗಿದ ಮೇಲೆ ಅದಕ್ಕೆ ಒಂದು ಬೇರೆಯದೇ ವಾಸನೆ ಹತ್ತುತ್ತದೆ. ರಟ್ಟಿನ ಹಸಿ ವಾಸನೆ, ಬಂಗಾರ ಬಣ್ಣದ ಮಸಿಯ ಘಾಟು, ಹಚ್ಚಿದವರ ಬೆರಳಿನ ಎಣ್ಣೆ ಎಲ್ಲವೂ ಅದರಲ್ಲಿ ಕೂಡಿರುತ್ತವೆ. ಮೊನ್ನೆ ನಮ್ಮ ಉಣಕಲ್ ಶಾಲೆಯ ಸ್ಟಾಫ್ ರೂಮಿನ ಮೇಜಿನ ಮೇಲೆ ಅಂಥದೊಂದು ಪತ್ರಿಕೆ ಬಿದ್ದಿತ್ತು. ಮಂದಿ ಅದನ್ನು ಆಗಲೇ ನೋಡಿ ಮುಗಿಸಿ ಅದರ ಮೇಲೆ ಚಹಾದ ಕಪ್ಪು ಇಟ್ಟಿದ್ದರು. ನಾನು ಕಪ್ಪು ಸರಿಸಿ ಪತ್ರಿಕೆಯನ್ನು ಮೂಗಿಗೆ ಹಿಡಿದೆ. ಪಕ್ಕದ ವಿಜ್ಞಾನದ ಮೇಡಂ ನನ್ನನ್ನೇ ನೋಡುತ್ತಿದ್ದರು. ಗಣಿತ ಕಲಿಸುವವರಿಗೆ ಒಂದಿಷ್ಟು ಹುಚ್ಚಿರುತ್ತದೆ ಎಂದು ಅವರು ಮೊದಲೇ ತಿಳಿದಿದ್ದರಿಂದ ಏನೂ ಕೇಳಲಿಲ್ಲ. ಆಮೇಲೆ ತಾರೀಖು ನೋಡಿದೆ. ಲಗ್ನ ಆಗಿ ಹೋಗಿತ್ತು, ಚೀಲಕ್ಕೆ ಹಾಕಿಕೊಂಡೆ. ತಾರೀಖು ನೋಡದೆ ಯಾವ ಪತ್ರಿಕೆಯನ್ನೂ ಚೀಲಕ್ಕೆ ಹಾಕಬಾರದು ಎಂಬುದನ್ನು ನಾನು ಕಲಿತದ್ದು ಸಪ್ತಾಪುರದ ಒಂದು ಹಂಚಿನ ಮನೆಯಲ್ಲಿ. ಆ ಮನೆ ಈಗಿಲ್ಲ. ನಿಮ್ಮ ಎಳೆತನದ ಮನೆಯೂ ಬಹುಶಃ ಇರಲಿಕ್ಕಿಲ್ಲ, ಹಾಗಾಗಿ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

ಅಪ್ಪನಿಗೆ ಸರಕಾರಿ ನೌಕರಿ. ಮೇಲಿಂದ ಮೇಲೆ ಬದಲಿಯಾಗುತ್ತಿತ್ತು. ಹೈಸ್ಕೂಲು ಒಂದೇ ಕಡೆ ಆಗಲಿ ಎಂದು ನನ್ನನ್ನು ಧಾರವಾಡದಲ್ಲಿ ಅಜ್ಜ ಮತ್ತು ಸರೋಜತ್ತಿಯ ಹತ್ತಿರ ಬಿಟ್ಟಿದ್ದರು. ಸರೋಜತ್ತಿ ಎಂದರೆ ಅಪ್ಪನ ತಂಗಿ, ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಲಗ್ನವಾಗಿರಲಿಲ್ಲ. ಅಜ್ಜ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ನಡುಮನೆಯ ಗೋಡೆಗೆ ಬುದ್ಧನ ಫೋಟೋ, ಅದರ ಕೆಳಗೆ ಗಾಜಿನ ಟೀಪಾಯಿ. ನಿವೃತ್ತಿಯ ದಿನ ಜೊತೆಗಾರರು ಅಜ್ಜನಿಗೆ ಕೊಟ್ಟ ಉಡುಗೊರೆ ಅದು. ಅದರ ಮೇಲೆ ಕಪ್ಪು-ಬಸಿ ಇಟ್ಟುಕೊಂಡು ಗತ್ತಿನಿಂದ ಚಹಾ ಕುಡಿಯಬೇಕೆಂದು ಅಜ್ಜನಿಗೆ ಭಾರಿ ಆಸೆಯಿತ್ತು. ಆ ಆಸೆ ಕೈಗೂಡಲೇ ಇಲ್ಲ, ಯಾಕೆಂದರೆ ಟೀಪಾಯಿಯ ಮೇಲೆ ಯಾವಾಗಲೂ ಅತ್ತಿಯ ತ್ರಿಕೋನಗಳು ಹರಡಿಕೊಂಡಿರುತ್ತಿದ್ದವು. ಅಜ್ಜ ಕಡೆಯವರೆಗೂ ಬಾಗಿಲ ಮೆಟ್ಟಿಲ ಮೇಲೆ ಕೂತೇ ಚಹಾ ಕುಡಿದರು. ಹಿತ್ತಲಿನ ನುಗ್ಗೆ ಗಿಡದ ಮೇಲೆ ಸಂಜೆ ಗಿಳಿಗಳು ಬಂದು ಕೂತು ಗದ್ದಲ ಮಾಡುತ್ತಿದ್ದವು. ಒಳಗೆ ಅತ್ತಿಯ ದೊಡ್ಡ ಕತ್ತರಿ ರಟ್ಟಿನಲ್ಲಿ ಕರ್ರ್ ಎಂದು ನಡೆಯುತ್ತಿತ್ತು. ಈ ಎರಡು ಸದ್ದು ಕೂಡಿದರೆ ನನಗೆ ಆ ಮನೆ.

ಅತ್ತಿ ಕತ್ತರಿಸುತ್ತಿದ್ದದ್ದು ಲಗ್ನಪತ್ರಿಕೆಗಳನ್ನು. ಅಂಗಡಿಯ ರಟ್ಟಿಗಿಂತ ಅವು ಛಲೋ, ದಪ್ಪಗೆ, ನುಣುಪಾಗಿ ಇರುತ್ತವೆ, ಹಿಂಬದಿ ಖಾಲಿ ಇರುತ್ತದೆ ಎಂಬುದು ಅವಳ ಲೆಕ್ಕ. ಓಣಿಯವರೆಲ್ಲ ಲಗ್ನ ಮುಗಿದ ಮೇಲೆ ಪತ್ರಿಕೆಗಳನ್ನು ತಂದು ಅವಳಿಗೆ ಕೊಡುತ್ತಿದ್ದರು. ತನ್ನ ಲಗ್ನದ ಪತ್ರಿಕೆ ಅಚ್ಚು ಹಾಕಿಸಲಿಲ್ಲ, ಊರವರ ಪತ್ರಿಕೆಗೆಲ್ಲ ಕತ್ತರಿ ಹಾಕಿದಳು ಎಂದು ಆಚೀಚೆ ಮನೆಯವರು ನಗುತ್ತಿದ್ದರು. ಅತ್ತಿ ತಾನೂ ನಗುತ್ತಿದ್ದಳು, ಆ ನಗುವಿನಲ್ಲಿ ನೋವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪತ್ರಿಕೆಯ ಖಾಲಿ ಬದಿಯ ಮೇಲೆ ಗೆರೆ ಎಳೆದು ತ್ರಿಕೋನಗಳನ್ನು ಮಾಡುತ್ತಿದ್ದಳು. ಪ್ರತಿ ಗೆರೆಯ ಈ ಕಡೆ ಒಂದು ಲೆಕ್ಕ, ಆ ಕಡೆ ಅದರ ಉತ್ತರ. ಬರೆದಾದ ಮೇಲೆ ಗೆರೆಯ ಮೇಲೇ ಕತ್ತರಿಸಿ, ತುಂಡುಗಳನ್ನು ಕಲಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿಬಿಡುವುದು. ಲೆಕ್ಕ ಬಿಡಿಸುತ್ತ, ಯಾವ ಅಂಚು ಯಾವ ಅಂಚಿಗೆ ಕೂಡುತ್ತದೆ ಎಂದು ನೋಡುತ್ತ ಜೋಡಿಸಿದರೆ ಇಡೀ ಪತ್ರಿಕೆ ಮತ್ತೆ ಆಗುತ್ತಿತ್ತು. ಸರಿಯೋ ತಪ್ಪೋ ಎಂದು ಅತ್ತಿಯನ್ನು ಕೇಳುವಂತಿರಲಿಲ್ಲ. ಟೀಪಾಯಿಯ ಕೆಳಗೆ ಅಂಗಾತ ಮಲಗಿ ಗಾಜಿನೊಳಗಿಂದ ನೋಡಬೇಕು. ಲೆಕ್ಕ ಸರಿ ಇದ್ದರೆ ಮದುಮಗಳ ಹೆಸರು ಕೂಡಿ ಓದಲು ಬರುತ್ತಿತ್ತು. ತಪ್ಪಿದ್ದರೆ ಮದುಮಗನ ಹೆಸರಿಗೆ ಪ್ರಿಂಟಿಂಗ್ ಪ್ರೆಸ್ಸಿನ ವಿಳಾಸ ಅಂಟಿಕೊಂಡು ಏನೇನೋ ಆಗಿ ನಾವು ನಕ್ಕು ಹಣ್ಣಾಗುತ್ತಿದ್ದೆವು.

ಪ್ರತಿ ರವಿವಾರ ಮಧ್ಯಾಹ್ನ ಓಣಿಯ ಮಕ್ಕಳು ಬರುತ್ತಿದ್ದರು. ಅತ್ತಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸುತ್ತಿದ್ದಳು. ಜೋಡಿಗೆ ಒಂದೇ ಪೆನ್ಸಿಲು. ಅಲ್ಲಿ ನಡೆಯುತ್ತಿದ್ದದ್ದು ಒಂದೇ ಕಾನೂನು: “ಹೇಳಾಕಿ ಬರ್ಯಂಗಿಲ್ಲ, ಬರ್ಯಾಕಿ ಹೇಳಂಗಿಲ್ಲ.” ಒಬ್ಬಳು ಬಾಯಿಂದ ಬಿಡಿಸಬೇಕು, ಇನ್ನೊಬ್ಬಳು ಅವಳು ಹೇಳಿದಷ್ಟನ್ನೇ ಕಾಗದದ ಮೇಲೆ ಇಳಿಸಬೇಕು. ಒಂದು ಲೆಕ್ಕ ಆದ ಮೇಲೆ ಅದಲು ಬದಲು. ನನ್ನ ಜೋಡಿ ಶಬಾನಾ, ನನ್ನ ವಯಸ್ಸಿನವಳೇ. ಅವಳ ಅಪ್ಪನ ಸ್ಕೂಟರ್ ಗ್ಯಾರೇಜು ನಮ್ಮ ಓಣಿಯ ತಿರುವಿನಲ್ಲಿತ್ತು. ಬಾಯಿ ಎಂದರೆ ಬಾಯಿ ಅವಳದು, ಗ್ಯಾರೇಜಿನ ಹಾರ್ನುಗಳ ನಡುವೆ ಬೆಳೆದದ್ದಕ್ಕೋ ಏನೋ ಮೆಲ್ಲಗೆ ಮಾತಾಡಲು ಅವಳಿಗೆ ಬರುತ್ತಲೇ ಇರಲಿಲ್ಲ. ನನ್ನದು ಪೂರ್ತಿ ಉಲ್ಟಾ. ಎಂಟನೇ ಇಯತ್ತೆಯಲ್ಲಿ ನಮ್ಮ ಶಾಲೆಯ ಗಣಿತದ ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ, ನಾನು ಹೇಳಿದ ತಪ್ಪು ಉತ್ತರವನ್ನು ಇಡೀ ವರ್ಗದಿಂದ ಮತ್ತೆ ಮತ್ತೆ ಹೇಳಿಸಿ ನಗಿಸಿದ್ದರು. ಅವತ್ತಿನಿಂದ ಗಣಿತ ಎಂದರೆ ನನ್ನ ಬಾಯಿಗೆ ಬೀಗ. ಉತ್ತರ ಗೊತ್ತಿರುತ್ತಿತ್ತು, ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದೆ. ಹತ್ತನೇ ಇಯತ್ತೆ ಹತ್ತಿರ ಬರುತ್ತಿತ್ತು, ಈ ಹುಡುಗಿ ಹೀಗೇ ಉಳಿದರೆ ಮುಂದೆ ಗತಿಯೇನು ಎಂದು ಅಪ್ಪ ಪ್ರತಿ ಸಲ ಬಂದಾಗಲೂ ಅಜ್ಜನ ಹತ್ತಿರ ಪೇಚಾಡುತ್ತಿದ್ದ.

ಹಾಗಾಗಿ ಅದಲು ಬದಲಿನ ಹೊತ್ತು ಬಂದರೂ ನಾನು ಪೆನ್ಸಿಲು ಬಿಡುತ್ತಿರಲಿಲ್ಲ. ಶಬಾನಾ ಹೇಳುವವಳು, ನಾನು ಬರೆಯುವವಳು. ಅವಳು ಸರಿ ಹೇಳಿದರೆ ನನ್ನ ಕೈ ಓಡುತ್ತಿತ್ತು, ತಪ್ಪಿದರೆ ಪೆನ್ಸಿಲು ಕಾಗದದ ಮೇಲೆ ನಿಂತುಬಿಡುತ್ತಿತ್ತು. ಏನು ತಪ್ಪಾಯಿತು ಎಂದು ಅವಳು ಗೋಗರೆದರೂ ನಾನು ಹೇಳುತ್ತಿರಲಿಲ್ಲ. ಅವಳು ಕೂಡಿಸಿ ನೋಡಿ, ಕಳೆದು ನೋಡಿ, ನನ್ನ ಮುಖ ನೋಡಿ, ಸರಿಯಾದದ್ದು ಹೇಳುವವರೆಗೆ ಪೆನ್ಸಿಲು ಅಲುಗುತ್ತಿರಲಿಲ್ಲ. ಹೀಗೆ ಶಬಾನಾ ನನ್ನ ಪೆನ್ಸಿಲನ್ನೇ ಓದಲು ಕಲಿತಳು. ಒಂದು ದಿನ ಅಜ್ಜನಿಗೆ ತಡೆಯಲಾಗಲಿಲ್ಲ. ಈ ಹುಡುಗಿ ಮೂಕಿಯಾಗಿದ್ದಾಳೇನು, ನಿನ್ನ ಕಾನೂನು ಇವಳಿಗೆ ಯಾಕಿಲ್ಲ ಎಂದು ಅತ್ತಿಯನ್ನು ಕೇಳಿಯೇಬಿಟ್ಟರು. ಅತ್ತಿ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. “ಆಕಿ ಪೆನ್ಸಿಲ್ ಮಾತಾಡಾಕತ್ತೈತಿ, ಕೇಳ್ರಿ ಅಪ್ಪಾ. ಬಾಯಿ ಹಿಂದಿಂದ ಬರ್ತೈತಿ” ಎಂದಳು. ಅದನ್ನು ಕೇಳಿ ನನಗೆ ಅಳು ಬಂತು. ಉಳ್ಳಾಗಡ್ಡಿಯ ಮೇಲೆ ಹಾಕಿ ಪಾರಾದೆ.

ಆ ಬೇಸಿಗೆಯ ಮೊದಲಿಗೆ ರೇಣುಕಾ ಬಂದಳು. ಅತ್ತಿಯ ಹಳೆಯ ವಿದ್ಯಾರ್ಥಿನಿ. ತಾಯಿ ಇಲ್ಲ, ಅಪ್ಪ ತಾರಿಹಾಳದ ವರ್ಕ್‌ಶಾಪೊಂದರಲ್ಲಿ ಟರ್ನರ್. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲೇ ಫೇಲಾಗಿ ಮನೆಯಲ್ಲಿ ಕೂತಿದ್ದವಳನ್ನು ಅತ್ತಿ ಪ್ರತಿ ರವಿವಾರ ಬಸ್ಸು ಹತ್ತಿ ಬಾ ಎಂದು ಕರೆಸಿ, ಇದೇ ಟೀಪಾಯಿಯ ಮುಂದೆ ಕೂರಿಸಿ ಪಾಸು ಮಾಡಿಸಿದ್ದಳು. ಮುಂದೆ ಅವಳು ಡಿಪ್ಲೊಮಾ ಓದಿ ಕೆಲಸಕ್ಕೂ ಸೇರಿದ್ದಳು. ಈಗ ಲಗ್ನ. ಅತ್ತಿಯ ಕೈಯಲ್ಲಿ ಪತ್ರಿಕೆ ಇಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ತಾಯಿ ನಿಲ್ಲುವ ಜಾಗದಲ್ಲಿ ಯಾರಾದರೂ ಬೇಕಲ್ಲ ಎಂದಳು. ಹೊಸ್ತಿಲು ದಾಟುವಾಗ ತಿರುಗಿ ನಿಂತು, “ಟೀಚರ್, ನೀವು ಬರೂತನಕಾ ನಾ ಮಣಿ ಮ್ಯಾಲೆ ಕುಂದ್ರಂಗಿಲ್ರಿ” ಎಂದು ಹೇಳಿ ಹೋದಳು. ಅವತ್ತು ಸಂಜೆಯೆಲ್ಲ ಅತ್ತಿ ಒಬ್ಬಳೇ ಮುಗುಳ್ನಗುತ್ತ ಓಡಾಡಿದ್ದನ್ನು ನಾನು ನೋಡಿದ್ದೇನೆ. ಪತ್ರಿಕೆ ಬುದ್ಧನ ಫೋಟೋದ ಹಿಂದೆ ಸೇರಿತು. ಲಗ್ನ ಆಗಬೇಕಾದ ಪತ್ರಿಕೆಗಳ ಜಾಗ ಅದು. ಲಗ್ನ ಆದವು ಡಬ್ಬಿಯ ಪಕ್ಕ.

ಲಗ್ನದ ದಿನ ಬೆಳಿಗ್ಗೆ ನಾನು ಮತ್ತು ಶಬಾನಾ ಹೊಸ ಬಟ್ಟೆ ಹಾಕಿಕೊಂಡು ತಯಾರಾಗಿದ್ದೆವು, ಅತ್ತಿ ಇಬ್ಬರನ್ನೂ ಕರೆದುಕೊಂಡು ಹೋಗುವವಳಿದ್ದಳು. ಅತ್ತಿ ಇಳಕಲ್ ಸೀರೆ ಉಟ್ಟು ಫೋಟೋದ ಹಿಂದೆ ಕೈ ಹಾಕಿದಳು. ಪತ್ರಿಕೆ ಇರಲಿಲ್ಲ. ಫೋಟೋ ಇಳಿಸಿ ಹಿಂದೆ ಮುಂದೆ ನೋಡಿದಳು, ಆಮೇಲೆ ನೆನಪಾಗಿ ನೆಲದ ಮೇಲೆ ಕೂತಳು. ಹಿಂದಿನ ವಾರ ಒಂಬತ್ತನೆಯವರಿಗೆ ಅಪವರ್ತನದ ಹೊಸ ಜೋಡಣೆ ಮಾಡಬೇಕಾಗಿತ್ತು, ದೊಡ್ಡ ಪತ್ರಿಕೆ ಒಂದೂ ಉಳಿದಿರಲಿಲ್ಲ. ಫೋಟೋದ ಹಿಂದಿನಿಂದ ಒಳ್ಳೆ ದಪ್ಪನೆಯ ಚೌಕ ರಟ್ಟೊಂದು ಇಣುಕುತ್ತಿತ್ತು. ಲೆಕ್ಕ ತಲೆಯಲ್ಲಿ ಓಡುತ್ತಿದ್ದಾಗ ಅತ್ತಿಗೆ ಉಳಿದ ಪ್ರಪಂಚ ಕಾಣುತ್ತಿರಲಿಲ್ಲ. ತಾರೀಖು ನೋಡದೆ ಕತ್ತರಿ ಹಾಕಿದ್ದಳು. ಹುಬ್ಬಳ್ಳಿ ಕಡೆ ಎಲ್ಲೋ, ಹನ್ನೆರಡೂವರೆಗೆ ಅಕ್ಕಿಕಾಳು ಬೀಳುವ ಮುಹೂರ್ತ ಎಂಬುದಷ್ಟು ಅವಳಿಗೆ ನೆನಪಿತ್ತು. ಯಾವ ಮಂಗಲ ಕಾರ್ಯಾಲಯ ಎಂಬುದು ನೆನಪಿರಲಿಲ್ಲ. ರೇಣುಕಾಳ ಮನೆಯಲ್ಲಿ ಫೋನಿಲ್ಲ, ಇದ್ದರೂ ಆ ಹೊತ್ತಿಗೆ ಮನೆಗೆ ಕೀಲಿ ಬಿದ್ದಿರುತ್ತಿತ್ತು. ಲಗ್ನದ ಹಂಗಾಮಿನಲ್ಲಿ ಹುಬ್ಬಳ್ಳಿಯ ತುಂಬ ಓಣಿಗೊಂದು ಹಂದರ. ಅಜ್ಜ ಮೆಟ್ಟಿಲ ಮೇಲಿಂದ ಎದ್ದು ಬಂದು, ಬೈಯಬೇಕೆಂದವರು ಮಗಳ ಮುಖ ನೋಡಿ ಸುಮ್ಮನೆ ಡಬ್ಬಿಯನ್ನು ತಂದು ಅವಳ ಮುಂದೆ ಇಟ್ಟರು.

ಡಬ್ಬಿಯಲ್ಲಿ ಇಡೀ ಧಾರವಾಡದ ಲಗ್ನಗಳೆಲ್ಲ ಕಲಸಿಕೊಂಡಿದ್ದವು. ಪುಣ್ಯಕ್ಕೆ ಹೊಸ ಜೋಡಣೆಯನ್ನು ಅತ್ತಿ ಹಸಿರು ಮಸಿಯಲ್ಲಿ ಬರೆದಿದ್ದಳು. ಹಸಿರು ತುಂಡುಗಳನ್ನೆಲ್ಲ ನಾವು ಆರಿಸಿ ತೆಗೆದೆವು. ಅಚ್ಚಿನ ಬದಿಯಿಂದ ಜೋಡಿಸಲು ಮೊದಲು ನೋಡಿದೆವು. ಅಕ್ಷರಗಳೆಲ್ಲ ನಡು ಕತ್ತರಿಸಿ ಹೋಗಿದ್ದವು, ಎಲ್ಲ ಕಡೆ ಒಂದೇ ಥರದ ಬಂಗಾರದ ಬಳ್ಳಿ. ಲೆಕ್ಕದ ಬದಿಯಿಂದಲೇ ಜೋಡಿಸುವುದು ಲಗೂ ಆಗುತ್ತದೆ ಎಂದು ಅತ್ತಿ ತುಂಡುಗಳನ್ನು ಮಗುಚಿ ಗಾಜಿನ ಮೇಲೆ ಹರಡಿದಳು. ಶಬಾನಾ ಹೊಸ ಬಟ್ಟೆಯ ಗೊಡವೆಯಿಲ್ಲದೆ ಟೀಪಾಯಿಯ ಕೆಳಗೆ ನುಗ್ಗಿ ಅಂಗಾತ ಮಲಗಿ, ಕಂಡದ್ದನ್ನು ಕಂಡ ಹಾಗೆ ಓದತೊಡಗಿದಳು. ಅತ್ತಿ ತಾನೇ ಮಾಡಿದ ಲೆಕ್ಕ, ಕಣ್ಣು ಮುಚ್ಚಿ ಜೋಡಿಸಬೇಕಾಗಿತ್ತು. ಆದರೆ ಅವಳ ಮನಸ್ಸು ಲೆಕ್ಕದ ಮೇಲೆ ನಿಲ್ಲುತ್ತಿರಲಿಲ್ಲ. ಗಡಿಯಾರ ನೋಡುವುದು, ಒಂದು ತುಂಡು ಇಡುವುದು, ಮತ್ತೆ ಗಡಿಯಾರ. ಅಂಚುಗಳು ಕೂಡುತ್ತ ಬಂದವು, ನಡುವಿಗೆ ಬಂದಾಗ ಎಲ್ಲ ಅಡ್ಡಾದಿಡ್ಡಿ. ಕೆಳಗಿನಿಂದ ಶಬಾನಾ ಓದುತ್ತಿದ್ದದ್ದು ಯಾವ ಭಾಷೆಯೋ ತಿಳಿಯದಂತಾಯಿತು. ಅತ್ತಿ ಎಲ್ಲ ಕೆದರಿ ಮತ್ತೆ ಮೊದಲಿನಿಂದ ಶುರು ಮಾಡಿದಳು, ಮತ್ತೆ ಅಲ್ಲಿಗೇ ಬಂದು ನಿಂತಳು. ಆ ಕಡೆ ತಾಯಿಯಿಲ್ಲದ ಒಬ್ಬ ಹುಡುಗಿ ಮಣೆಯ ಮುಂದೆ ನಿಂತು ಬಾಗಿಲು ನೋಡುತ್ತಿರುತ್ತಾಳೆ ಎಂಬುದು ನಮ್ಮೆಲ್ಲರ ತಲೆಯಲ್ಲಿತ್ತು.

ನನಗೆ ತಪ್ಪು ಕಾಣುತ್ತಿತ್ತು. ಮೊದಲ ಸಲವೇ ಕಂಡಿತ್ತು. ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಮೈನಸ್ ಆರು ಎಂಬ ಅಂಚಿಗೆ ಅತ್ತಿ ಎಕ್ಸ್ ಪ್ಲಸ್ ಮೂರು, ಎಕ್ಸ್ ಮೈನಸ್ ಎರಡು ಎಂದಿದ್ದ ತುಂಡನ್ನು ತಂದು ಇಟ್ಟಿದ್ದಳು. ಮಕ್ಕಳು ಎಡವಲಿ ಎಂದು ಅವಳೇ ಇಟ್ಟ ಕಲ್ಲು ಅದು, ಎಡವಿದವಳು ಅವಳೇ. ನಾನು ಕೈ ಚಾಚಿದೆ. ತೋರಿಸಲು ಹೋದರೆ ಅತ್ತಿಯ ಕೈ ಅಡ್ಡ ಬರುತ್ತಿತ್ತು. ಅವತ್ತು ನನ್ನ ಕೈಯಲ್ಲಿ ಪೆನ್ಸಿಲೂ ಇರಲಿಲ್ಲ. ಎಂಟನೇ ಇಯತ್ತೆಯ ಆ ನಗು ಕಿವಿಯಲ್ಲಿ ಕೇಳುತ್ತಿತ್ತು. ಅತ್ತಿ ಮೂರನೇ ಸಲ ಕೆದರಲು ಕೈ ಎತ್ತಿದಳು.

“ಅತ್ತಿ, ಅದಲ್ಲ,” ಎಂದೆ. “ಮೂರರ ಹಿಂದ ಮೈನಸ್ ಬೇಕು.”

ನನ್ನ ಧ್ವನಿ ನನಗೇ ಬೇರೆಯವರದೆನಿಸಿತು. ಟೀಪಾಯಿಯ ಕೆಳಗೆ ಶಬಾನಾ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅತ್ತಿ ಆ ಅಂಚನ್ನು ನೋಡಿದಳು, ನನ್ನನ್ನು ನೋಡಿದಳು. ಹೊಗಳಲಿಲ್ಲ, ಕಣ್ಣು ಅರಳಿಸಲಿಲ್ಲ. ಎರಡೂ ಕೈಗಳನ್ನು ಟೀಪಾಯಿಯಿಂದ ತೆಗೆದು, “ಮುಂದ ಹೇಳು, ನಾ ಬರೇ ಇಡ್ತೇನಿ” ಎಂದಳು. ನಾನು ಹೇಳಿದೆ. ಮೈನಸ್ ಮೂರು, ಪ್ಲಸ್ ಎರಡು, ಕೂಡಿಸಿದರೆ ಮೈನಸ್ ಒಂದು, ಆ ತುಂಡು ಇಲ್ಲಿಗೆ. ಇದರ ಎಡಕ್ಕೆ ವರ್ಗದ ಸೂತ್ರ, ಅದು ಅಲ್ಲಿಗೆ. ನಾನು ಹೇಳುತ್ತ ಹೋದೆ, ನನ್ನ ಅತ್ತಿ, ಗಣಿತದ ಟೀಚರ್, ನಾನು ಹೇಳಿದ ಕಡೆ ತುಂಡು ಇಡುತ್ತ ಹೋದಳು. ಒಂದು ಮಾತೂ ಸೇರಿಸಲಿಲ್ಲ. ಬಾಯಿಯ ಬೀಗ ಯಾವಾಗ ಕಳಚಿತು ಎಂದು ನೋಡಲು ನನಗೆ ಪುರಸೊತ್ತಿರಲಿಲ್ಲ. ಕೆಳಗಿನಿಂದ ಶಬಾನಾ ಮದುಮಗಳ ಹೆಸರು ಓದಿದಳು, ಮದುಮಗನದು ಓದಿದಳು, ಕಾರ್ಯಾಲಯದ ಹೆಸರನ್ನು ಇಡೀ ಓಣಿಗೆ ಕೇಳುವಂತೆ ಓದಿದಳು. ಹುಬ್ಬಳ್ಳಿಯ ಪೇಟೆಯಲ್ಲಲ್ಲ, ಅದು ಇತ್ತಲೇ ಉಣಕಲ್ ಕೆರೆಯ ಹತ್ತಿರ ಇತ್ತು. ಅತ್ತಿ ಆ ಹೆಸರಿನ ಅರ್ಧವಿದ್ದ ನಡುವಿನ ತುಂಡೊಂದನ್ನು ಮುಷ್ಟಿಯಲ್ಲಿ ಹಿಡಿದೇ, ಚಪ್ಪಲಿ ಮೆಟ್ಟುತ್ತಲೇ ಓಡಿದಳು. ಹಿಂದೆ ನಾವು.

ಬಸ್ಸಿನಿಂದ ಇಳಿದು, ಆಟೋದವನಿಗೆ ಕಾರ್ಯಾಲಯದ ಹೆಸರು ಹೇಳಿ ಹಂದರ ಮುಟ್ಟುವಷ್ಟರಲ್ಲಿ ವಾಲಗ ನಿಂತಿತ್ತು. ರೇಣುಕಾ ಹಣೆಗೆ ದಂಡೆ ಕಟ್ಟಿಕೊಂಡು ಮಣೆಯ ಪಕ್ಕದಲ್ಲಿ ನಿಂತೇ ಇದ್ದಳು. ಅವಳಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಹಿರಿಯರು ಗೊಣಗುತ್ತಿದ್ದರು. ಅತ್ತಿ ಮಂದಿಯನ್ನು ಸರಿಸಿಕೊಂಡು ಹೋಗಿ ತಾಯಿಯ ಜಾಗದಲ್ಲಿ ನಿಂತಳು. ರೇಣುಕಾ ಕೂತಳು. ಅಕ್ಕಿಕಾಳು ಎರಚಲು ಅತ್ತಿ ಮುಷ್ಟಿ ಬಿಚ್ಚಿದಾಗ ಕಾಳಿನ ಜೊತೆಗೆ ಆ ತ್ರಿಕೋನವೂ ಬೆವರಿನಲ್ಲಿ ಅಂಟಿಕೊಂಡಿತ್ತು. ಆಮೇಲೆ ಅದರ ಕಥೆ ಕೇಳಿ ರೇಣುಕಾ ಅಳುತ್ತಲೇ ನಕ್ಕು, ಇದು ನನಗಿರಲಿ ಎಂದು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೀಗಾಗಿ ಹಸಿರು ಮಸಿಯ ಜೋಡಣೆಯ ನಡುವೆ ಒಂದು ತೂತು ಉಳಿಯಿತು. ಅತ್ತಿ ಅದನ್ನು ತುಂಬಲೇ ಇಲ್ಲ.

ಮುಂದಿನ ರವಿವಾರ ಪೆನ್ಸಿಲು ಶಬಾನಾಳ ಕೈಯಲ್ಲಿತ್ತು. ಅವಳ ಕಾಗೆ ಕಾಲಿನ ಅಕ್ಷರ ನೋಡಿ ಅಜ್ಜ ಇದಕ್ಕಿಂತ ಮೂಕಿಯೇ ಛಲೋ ಇದ್ದಳು ಎಂದು ನಕ್ಕರು. ವರ್ಷಗಳು ಹೋದವು. ಅಜ್ಜ ಹೋದರು. ಶಬಾನಾ ಹಳೆ ಹುಬ್ಬಳ್ಳಿಯಲ್ಲಿ ಹೊಲಿಗೆಯ ಅಂಗಡಿ ಹಾಕಿದ್ದಾಳೆ. ಈಗಲೂ ಫೋನಿನಲ್ಲಿ ಅವಳು ಮಾತಾಡಿದರೆ ಕಿವಿಯಿಂದ ಒಂದು ಗೇಣು ದೂರ ಹಿಡಿಯಬೇಕು. ನನಗೆ ಗಣಿತದ ಟೀಚರ್ ನೌಕರಿ ಸಿಕ್ಕ ದಿನ ಅತ್ತಿಯ ಪಕ್ಕ ಅದೇ ಮೆಟ್ಟಿಲ ಮೇಲೆ ಕೂತು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಅವತ್ತು ನನ್ನ ಬಾಯಿ ಬಿಡಿಸಬೇಕೆಂದೇ ಬೇಕಂತ ತಪ್ಪು ಇಟ್ಟೆಯಲ್ಲ ಎಂದೆ. ಅತ್ತಿಗೆ ನಗು ತಡೆಯಲಾಗಲಿಲ್ಲ. “ಹುಚ್ಚಿ, ನಾಟಕ ಮಾಡಾಕ ಎಲ್ಲಿ ಪುರಸೊತ್ತಿತ್ತು? ಖರೇನ ತಪ್ಪಿದ್ದೆ. ನೀ ಹೇಳದಿದ್ರ ಆ ಹುಡುಗಿ ಇನ್ನೂ ನಿಂತ ಇರ್ತಿದ್ಲು” ಎಂದಳು. ಬೇರೆ ಯಾವ ಸರ್ಟಿಫಿಕೇಟೂ ನನಗೆ ಇಷ್ಟು ದೊಡ್ಡದಾಗಿರಲಾರದು. ನನ್ನ ಮಾತು ಅವಳಿಗೆ ಬೇಕಾಗಿತ್ತು, ಅಷ್ಟೆ. ಈಗ ಅತ್ತಿಯೂ ಇಲ್ಲ. ಸಪ್ತಾಪುರದ ಆ ಜಾಗದಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವ ಖೋಲಿಗಳ ಕಟ್ಟಡ ಎದ್ದಿದೆ. ಮುಂದೆ ಸಾಲಾಗಿ ಬೈಕು ನಿಂತಿರುತ್ತವೆ. ನುಗ್ಗೆ ಗಿಡ ಇಲ್ಲದ ಮೇಲೆ ಗಿಳಿಗಳು ಎಲ್ಲಿಗೆ ಹೋದವೋ. ಬಿಸ್ಕತ್ತಿನ ಡಬ್ಬಿ ಮಾತ್ರ ನನ್ನ ಹತ್ತಿರ ಉಳಿಯಿತು.

ನನ್ನ ಒಂಬತ್ತನೇ ತರಗತಿಯಲ್ಲಿ ಸುಮಾ ಎಂಬ ಹುಡುಗಿ ಇದ್ದಾಳೆ. ಪೆನ್ಸಿಲು ಹಿಡಿದರೆ ಬಿಡದವಳು. ಅವಳ ಬಾಯಿ ಬಿಡಿಸಲು ಬೋರ್ಡಿನ ಮೇಲೆ ಬೇಕಂತ ತಪ್ಪು ಬರೆದೂ ನೋಡಿದ್ದೇನೆ. ಮಕ್ಕಳಿಗೆ ನಾಟಕ ಬೇಗ ಗೊತ್ತಾಗುತ್ತದೆ. ಮೊನ್ನೆ ಆ ಪತ್ರಿಕೆಯ ಅರಿಷಿಣ ಮೂಗಿಗೆ ಹತ್ತಿದ ದಿನ ನಾನು ಡಬ್ಬಿಯಿಂದ ಹಸಿರು ತುಂಡುಗಳನ್ನು ತೆಗೆದು ಸುಮಾಳ ಜೋಡಿಗೆ ಕೊಟ್ಟೆ. ಮಸಿ ಮಾಸಿದೆ, ಅಂಚು ಮೆತ್ತಗಾಗಿವೆ. ಅವರು ಜೋಡಿಸಿದರು, ನಡುವೆ ತೂತು ಉಳಿಯಿತು. ತುಂಡು ಕಳೆದಿದೆ, ಅದರ ಮೇಲೆ ಏನಿತ್ತೋ ನನಗೂ ನೆನಪಿಲ್ಲ ಎಂದೆ. ಅದು ಖರೇ ಆಗಿತ್ತು. ಸುಮಾ ಆ ತೂತನ್ನು ಬಹಳ ಹೊತ್ತು ನೋಡಿದಳು. ಸುತ್ತಲಿನ ಮೂರು ಅಂಚುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಪೆನ್ಸಿಲನ್ನು ಜೊತೆಗಾತಿಯ ಕೈಗೆ ಕೊಟ್ಟು, ಮೆಲ್ಲಗೆ, ಒಂದೊಂದೇ ಅಂಚಿಗೆ ಏನು ಬೇಕೆಂದು ಹೇಳತೊಡಗಿದಳು. ನಾನು ಚೀಲದಿಂದ ಆ ಪತ್ರಿಕೆ ತೆಗೆದು ತೂತಿನ ಅಳತೆಗೆ ಒಂದು ತ್ರಿಕೋನ ಕತ್ತರಿಸಿ ಕೊಟ್ಟೆ. ಅವಳು ಹೇಳಿದಳು, ಇವಳು ಬರೆದಳು, ಇಬ್ಬರೂ ಕೂಡಿ ಅದನ್ನು ನಡುವೆ ಕೂರಿಸಿದರು. ಬೆಂಚಿನ ಮೇಲೆಲ್ಲ ಅರಿಷಿಣದ ವಾಸನೆ.

ಇದನ್ನು ಯಾರು ಮಾಡಿದ್ದು ಎಂದು ಸುಮಾಳ ಜೊತೆಗಾತಿ ಕೇಳಿದಳು. ನಮ್ಮ ಅತ್ತಿ ಎಂದೆ. ಸುಮಾ ತಲೆ ಎತ್ತಿ ನನ್ನ ಮುಖ ನೋಡಿದಳು. ಕಣ್ಣು ಹೊಳೆಯುತ್ತಿದ್ದವು.

“ಅವರಿಗೆ ಹೇಳ್ರಿ ಟೀಚರ್,” ಎಂದಳು, “ಪೂರಾ ಕೂಡೇತಿ ಅಂತ.”

ಹೇಳುತ್ತೇನೆ ಎಂದೆ.